ಹಾಲವ್ವನ ಕಾವುಗಟ್ಟಿ

ಕಾವುಗಟ್ಟಿಯ ಗೆರೆ ಇಳಿಯುವುದಕ್ಕೇ ಹುಟ್ಟಿದ್ದು. ಬೆಳಿಗ್ಗೆ ಕಣಜದಿಂದ ಹೊರಡುವಾಗ ಅದು ಪರದೆಯ ಮೇಲ್ತುದಿಯಲ್ಲಿರುತ್ತದೆ. ಮನೆ ಸೇರಿ, ರೊಟ್ಟಿ ಬೇಯಿಸಿ, ಬೇಳೆ ಕುದಿಸಿ, ಮಧ್ಯಾಹ್ನಕ್ಕೆ ಅರ್ಧಕ್ಕೆ ಬರುತ್ತದೆ. ಉಳಿದ ಕಾವನ್ನು ಸಂಜೆಯ ಅನ್ನಕ್ಕೆ ಕೊಟ್ಟು ತಣ್ಣಗೆ ಮಲಗಿಬಿಡುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತು ಇಂದುಮತಿ ಇಂಥ ಎಷ್ಟೋ ಸಾವಿರ ಗೆರೆಗಳು ಇಳಿದದ್ದನ್ನು ನೋಡಿದ್ದಳು. ಏರಿದ ಗೆರೆಯನ್ನು ನೋಡಿದ್ದು ಆ ಪುಷ್ಯ ಮಾಸದಲ್ಲೇ ಮೊದಲು.

ಅದು ಬೆಟಗೇರಿಯ ನೇಕಾರ ಓಣಿಯಲ್ಲಿ ಒಬ್ಬಳೇ ಇರುವ ಹಾಲವ್ವ ಎಂಬ ಮುದುಕಿಯ ಮನೆಯ ಗೆರೆ. ಬೆಳಿಗ್ಗೆ ಎಲ್ಲರ ಗೆರೆಯಂತೆ ಇಳಿಯಿತು. ಮಧ್ಯಾಹ್ನ ಕಳೆದ ಮೇಲೆ ಎಲ್ಲರಿಗಿಂತ ಬೇಗ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ, ಯಾರೋ ರಟ್ಟೆ ಹಿಡಿದು ಎಬ್ಬಿಸಿದಂತೆ ಮೆಲ್ಲಗೆ ಮೇಲೆದ್ದಿತು. ಇಂದುಮತಿ ಹಿಂದಿನ ದಿನದ್ದನ್ನು ತೆಗೆದು ನೋಡಿದಳು. ಆಗಲೂ ಹಾಗೆಯೇ. ಅದರ ಹಿಂದಿನ ದಿನವೂ ಹಾಗೆಯೇ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಯಂತ್ರ ಆಗಲೇ ಆ ಗೆರೆಯ ಪಕ್ಕದಲ್ಲಿ ಕೆಂಪು ಚುಕ್ಕೆ ಇಟ್ಟು ತನ್ನ ತೀರ್ಮಾನ ಬರೆದಿತ್ತು. ಮನೆಯಲ್ಲಿ ಅಕ್ರಮವಾಗಿ ಬೆಂಕಿ ಉರಿಸುತ್ತಿರುವ ಸಂಭವ. ನಾಳಿದ್ದು ಬೆಳಿಗ್ಗೆಯಿಂದ ಒಂದು ತಿಂಗಳು ಗಟ್ಟಿ ನಿಲುಗಡೆ.

ಗಟ್ಟಿ ನಿಂತರೆ ಏನಾಗುತ್ತದೆಂದು ಊರಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಸಿಲಿಂಡರುಗಳು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಹೊಗೆಯ ಕಾಯಿದೆ ಬಂದ ಮೇಲೆ ಸೌದೆ, ಕುಳ್ಳು, ಇದ್ದಿಲು ಯಾವುದನ್ನೂ ಉರಿಸುವಂತಿರಲಿಲ್ಲ. ಇದ್ದ ಕರೆಂಟು ಆಸ್ಪತ್ರೆಗೆ, ನೀರಿನ ಪಂಪಿಗೆ, ಮಗ್ಗಗಳಿಗೆ ಹೋದರೆ ಅಡುಗೆಗೆ ಏನೂ ಉಳಿಯುತ್ತಿರಲಿಲ್ಲ. ಆಗ ಕಟ್ಟಿದ್ದು ಈ ಕಣಜ. ಕಪ್ಪತಗುಡ್ಡದ ಗಾಳಿಗಿರಣಿಗಳು ಜೋರಾಗಿ ತಿರುಗಿದಾಗ ಹೆಚ್ಚಾದ ಕರೆಂಟನ್ನು ಕಾವಾಗಿ ಮಾಡಿ, ಒಂದು ದೊಡ್ಡ ಉಕ್ಕಿನ ಗೋಪುರದೊಳಗಿನ ಮರಳಿನಲ್ಲಿ ಕೂಡಿಡುತ್ತಿದ್ದರು. ಜೋಳವನ್ನು ಹಗೇವಿನಲ್ಲಿ ಇಟ್ಟ ಹಾಗೆ. ಆ ಮರಳಿನಲ್ಲಿ ಪಿಂಗಾಣಿಯ ಇಟ್ಟಿಗೆಗಳನ್ನು ಕಾಯಿಸಿ, ಒಳಗೆ ಮೆತ್ತೆ ಹೊಲಿದ ತಗಡಿನ ಪೆಟ್ಟಿಗೆಗಳಲ್ಲಿಟ್ಟು, ಬೆಳಿಗ್ಗೆ ಬಂಡಿಗಳಲ್ಲಿ ಮನೆಮನೆಗೆ ಕಳಿಸುತ್ತಿದ್ದರು. ಜನ ಅದಕ್ಕೆ ಗಟ್ಟಿ ಎಂದರು. ಅಡುಗೆಮನೆಯ ಗೂಡಿನಲ್ಲಿ ಅದನ್ನಿಟ್ಟು, ಕದ ಎಷ್ಟು ಬೇಕೋ ಅಷ್ಟು ತೆರೆದು, ಮೇಲೆ ಹೆಂಚು ಇಡಬೇಕು. ಮನೆಗೆ ದಿನಕ್ಕೆ ಒಂದೇ ಗಟ್ಟಿ. ಅದು ತಣ್ಣಗಾದರೆ ಮರುದಿನದ ಬಂಡಿಯ ದಾರಿ ಕಾಯಬೇಕು.

ಪ್ರತಿ ಗಟ್ಟಿಯ ಹೊಟ್ಟೆಯಲ್ಲಿ ಒಂದು ಚಿಕ್ಕ ಸಾಧನವಿತ್ತು. ತಾನು ಎಷ್ಟು ಬಿಸಿಯಾಗಿದ್ದೇನೆ ಎಂದು ಅದು ಹೇಳುತ್ತಿತ್ತು. ಎಲ್ಲಿದ್ದೇನೆ ಎಂದು ಹೇಳುತ್ತಿರಲಿಲ್ಲ. ಆದರೂ ಗೆರೆ ನೋಡಿ ನೋಡಿ ಇಂದುಮತಿಗೆ ಮನೆಗಳು ತಿಳಿದುಹೋಗಿದ್ದವು. ತಣ್ಣೀರಿನ ಪಾತ್ರೆ ಇಟ್ಟರೆ ಗೆರೆ ಧುಮುಕುತ್ತದೆ. ರೊಟ್ಟಿ ಮಾಡಿದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಕಾಳನ್ನು ನೆನೆಹಾಕಿದವರು ಯಾರು, ಮರೆತವರು ಯಾರು, ಮುಚ್ಚಳ ಮುಚ್ಚದೆ ಮಾತಿಗೆ ನಿಂತವರು ಯಾರು, ಎಲ್ಲವೂ ಕಾಣುತ್ತದೆ. ಗೆರೆಯಲ್ಲಿ ಕಾಣದೆ ಇದ್ದದ್ದು ಒಂದೇ, ಯಾಕೆ ಎನ್ನುವುದು.

ಆ ವರ್ಷ ಕಾರ್ತಿಕ ಕಳೆದ ಮೇಲೆ ಗಾಳಿ ಬೀಸಲೇ ಇಲ್ಲ. ಕಣಜದ ಮರಳು ದಿನದಿಂದ ದಿನಕ್ಕೆ ಆರುತ್ತಿತ್ತು. ಗಟ್ಟಿಗಳು ಮೊದಲಿನಷ್ಟು ಕಾಯದೆ ಹೊರಡುತ್ತಿದ್ದವು. ಊರು ಅರೆಬೆಂದದ್ದನ್ನು ಉಂಡು ಬೇಗ ಮಲಗುವುದನ್ನು ಕಲಿತಿತ್ತು. ಕಾವು ಕಡಿಮೆಯಾದಾಗ ಕೆಂಪು ಚುಕ್ಕೆಯ ಮನೆಗಳನ್ನೇ ಮೊದಲು ನಿಲ್ಲಿಸಬೇಕೆಂಬುದು ನಿಯಮ.

ಮೇಲಧಿಕಾರಿ ತೋಟಗೇರ ಅವರು ಇಂದುಮತಿಗಿಂತ ಎಷ್ಟೋ ಚಿಕ್ಕವರು. ಆದರೆ ಆ ಚಳಿಗಾಲದಲ್ಲಿ ಇಬ್ಬರೂ ಒಂದೇ ವಯಸ್ಸಿನವರಂತೆ ಕಾಣುತ್ತಿದ್ದರು. ಅವರು ಪರದೆ ನೋಡಿದರು, ಕಣ್ಣು ಉಜ್ಜಿಕೊಂಡರು. ನಿಲುಗಡೆಗೆ ಮೊದಲು ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಬೇಕಲ್ಲ ಎಂದರು. ಇಂದುಮತಿಯ ಮೊಣಕಾಲು ನೋವು ಅವರಿಗೆ ಗೊತ್ತಿತ್ತು. ಎದ್ದು ಹೋಗಿ, ಆ ಕಡೆ ಹೊರಟಿದ್ದ ಖಾಲಿ ಬಂಡಿಯವನಿಗೆ ಹೇಳಿ, ಅವಳಿಗೆ ಮುಂದಿನ ಸೀಟು ಕೊಡಿಸಿದರು.

*

ನೇಕಾರ ಓಣಿಯಲ್ಲಿ ಎಲ್ಲ ಜೋಡಿಮನೆಗಳು. ಎರಡು ಮನೆಗೆ ಒಂದು ನಡುಗೋಡೆ, ಅಡುಗೆಮನೆಗಳು ಆ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದವು. ಹಿತ್ತಲಲ್ಲಿ ಅದೇ ಗೋಡೆ ಎದೆಮಟ್ಟಕ್ಕೆ ತಗ್ಗಾಗಿ ಮುಂದುವರಿದಿತ್ತು.

ಹಾಲವ್ವ ಬಾಗಿಲು ತೆರೆದಾಗ ಇಂದುಮತಿ ಮೊದಲು ಮಾಡಿದ್ದು ಮೂಗೆಳೆದದ್ದು. ಹೊಗೆಯ ವಾಸನೆ ಇರಲಿಲ್ಲ. ಬೂದಿ ಇರಲಿಲ್ಲ. ಗೋಡೆಗೆ ಮಸಿ ಇರಲಿಲ್ಲ. ಅಡುಗೆಮನೆ ತೊಳೆದಿಟ್ಟ ತಟ್ಟೆಯಂತಿತ್ತು. ಒಂದು ಮೂಲೆಯಲ್ಲಿ ಕೌದಿ ಸುತ್ತಿದ ಪಾತ್ರೆ ಕುಳಿತಿತ್ತು. ಬೆಳಿಗ್ಗೆ ಒಂದು ಕುದಿ ಬರಿಸಿ, ಕೌದಿ ಹೊದಿಸಿ, ಉಳಿದದ್ದನ್ನು ತನ್ನ ಬಿಸಿಯಲ್ಲೇ ಬೇಯಲು ಬಿಟ್ಟಿದ್ದಳು. ಊರಿನ ಅರ್ಧ ಮನೆಗಳು ಈಗ ಹಾಗೆಯೇ ಬೇಯಿಸುತ್ತಿದ್ದವು.

ಗಟ್ಟಿಯಿಡುವ ಗೂಡಿನ ಕದ ಮುಚ್ಚಿತ್ತು. ಇಂದುಮತಿ ಅದರ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಒಳಗೆ ಗಟ್ಟಿ ಇದ್ದರೆ ಹೀಗಿರುವುದಿಲ್ಲ. ಹಾಲವ್ವ ಆ ಕೈಯನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು.

"ಚಹಾ ಮಾಡಾಕ ಬರಂಗಿಲ್ಲ ಅಕ್ಕಾರ, ತಪ್ಪ ತಿಳೀಬ್ಯಾಡ್ರಿ" ಎಂದು ಒಂದು ತಂಬಿಗೆ ನೀರು, ಅಂಗೈಯಗಲದ ಬೆಲ್ಲ ತಂದಿಟ್ಟಳು. ನೀರು ಕೊಡುವ ಮೊದಲು ತಂಬಿಗೆಯನ್ನು ಸೆರಗಿನಲ್ಲಿ ಹಿಡಿದು ಸ್ವಲ್ಪ ಹೊತ್ತು ಉಜ್ಜಿದಳು. ಚಳಿಗೆ ಹಿತ್ತಾಳೆ ಕೈಗೆ ಕಚ್ಚುತ್ತದೆ ಎಂದು.

ಇಂದುಮತಿ ಗೆರೆಯ ವಿಷಯ ಹೇಳಿದಳು. ಗಟ್ಟಿ ಎಲ್ಲಿ ಎಂದು ಕೇಳಿದಳು. ಗೂಡಿನಲ್ಲೇ ಇದೆ ಎಂದಳು ಹಾಲವ್ವ. ತೆರೆದು ತೋರಿಸಲು ಏಳಲಿಲ್ಲ. ಸಂಜೆ ಅದು ಹೇಗೆ ಬಿಸಿಯಾಗುತ್ತದೆ ಎಂದರೆ, ತನಗೆ ಅವೆಲ್ಲ ತಿಳಿಯುವುದಿಲ್ಲ, ತಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಕಲಸಿ ದಿನ ಕಳೆದವಳು ಎಂದಳು.

ಆಗ ಗೋಡೆಯಾಚೆ ಎಳೆಕೂಸು ಅತ್ತಿತು. ಹಾಲವ್ವನ ತಲೆ ಆ ಕಡೆ ತಿರುಗಿತು. ಕೂಸು ಸುಮ್ಮನಾಗುವವರೆಗೂ ತಿರುಗಿಯೇ ಇತ್ತು.

ಪಕ್ಕದ ಮನೆ ಯಾರದೆಂದು ಇಂದುಮತಿ ಕೇಳಿದಳು.

"ಆ ಮನಿ ಸುದ್ದಿ ನಮಗ ಬ್ಯಾಡ್ರಿ. ನಮಗೂ ಅವರಿಗೂ ಮಾತಿಲ್ಲ."

ಯಾಕೆ ಮಾತಿಲ್ಲವೆಂಬುದನ್ನು ಮಾತ್ರ, ಅಡಕೆ ಕತ್ತರಿಸುತ್ತ, ಸಾವಕಾಶವಾಗಿ ಹೇಳಿದಳು. ಅದು ಸೌದೆ ಒಲೆಯ ಕಾಲದ ಜಗಳ. ಆಗ ನಡುಗೋಡೆಯಲ್ಲಿ ಒಂದು ಕಿಂಡಿ ಇತ್ತು. ಆಚೆಮನೆಯ ದಾನಮ್ಮ ಯಾರದೋ ಮದುವೆಯ ಸೀರೆಗೆಂದು ಬಿಳಿ ರೇಷ್ಮೆಯ ಹಾಸುನೂಲು ಮಗ್ಗಕ್ಕೆ ಹೂಡಿದ್ದಳು. ಹಾಲವ್ವನ ಒಲೆಯ ಹೊಗೆ ಕಿಂಡಿಯಿಂದ ನುಗ್ಗಿ ಆ ಹಾಸೆಲ್ಲ ಹಳದಿಗಟ್ಟಿತು. ಮಾತಿಗೆ ಮಾತು ಬೆಳೆಯಿತು. ನಿನ್ನ ಸೀರೆಗಾಗಿ ನಾನು ಹಸಿ ಹಿಟ್ಟು ತಿನ್ನಲೇ ಎಂದು ಇವಳು, ನಿನ್ನ ಒಲೆ ಆರಿಹೋಗಲಿ ಎಂದು ಅವಳು. ದಾನಮ್ಮ ಮರುದಿನವೇ ಕಿಂಡಿ ಮುಚ್ಚಿಸಿದಳು. ಈಗ ಹೊಗೆಯೂ ಇಲ್ಲ, ಒಲೆಯೂ ಇಲ್ಲ. ಮಾತು ಮಾತ್ರ ಬರಲಿಲ್ಲ.

ಹೊರಡುವಾಗ ಇಂದುಮತಿ ನಿಲುಗಡೆಯ ವಿಷಯ ಮತ್ತೊಮ್ಮೆ ಬಿಡಿಸಿ ಹೇಳಿದಳು. ಸರಿಯಾದ ಕಾರಣ ಸಿಗದಿದ್ದರೆ ನಾಳಿದ್ದಿನಿಂದ ಗಟ್ಟಿ ಬರುವುದಿಲ್ಲ. ಒಬ್ಬಳೇ ಮುದುಕಿ, ಈ ಚಳಿಯಲ್ಲಿ ಹೇಗೆ ಎಂದಳು. ಹಾಲವ್ವ ತನ್ನ ಬಗ್ಗೆ ಏನೂ ಕೇಳಲಿಲ್ಲ.

"ಪೂರಾ ಬರಂಗಿಲ್ಲೇನ್ರಿ? ಒಂದ ಸಣ್ಣದಾದ್ರೂ ಕೊಡಂಗಿಲ್ಲ? ಒಂದ ಇಪ್ಪತ್ತ ದಿನ ನಡದ್ರ ಸಾಕಾಗಿತ್ತು" ಎಂದಳು. "ಆಮ್ಯಾಲೆ ಬೇಕಾರ ವರ್ಷಗಟ್ಲೆ ನಿಲ್ಲಸ್ರಿ."

ಇಪ್ಪತ್ತು ದಿನ ಯಾಕೆ ಎಂದು ಇಂದುಮತಿ ಕೇಳಲಿಲ್ಲ. ಮೊಣಕಾಲು ಎಳೆಯುತ್ತಿತ್ತು. ಬಂಡಿಯವನು ಕಾಯುತ್ತ ನಿಂತಿದ್ದ.

*

ಮನೆಗೆ ಬಂದಾಗ ಗಂಡ ಮಹಾರುದ್ರಪ್ಪ ಅಡುಗೆಮನೆಯಲ್ಲಿದ್ದ. ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದ ಮೇಲೆ ಗಟ್ಟಿಯ ಕಾರಭಾರವೆಲ್ಲ ಅವನದೇ. ಬಸ್ಸಿನಲ್ಲಿ ಒಂದು ಸೀಟೂ ಖಾಲಿ ಹೋಗಬಾರದೆಂದು ನೋಡಿಕೊಂಡವನು ಈಗ ಒಂದು ಚೂರು ಕಾವೂ ಖಾಲಿ ಹೋಗಗೊಡುತ್ತಿರಲಿಲ್ಲ. ರೊಟ್ಟಿ ಇಳಿಸಿದ ಹೆಂಚಿನ ಮೇಲೆ ಶೇಂಗಾ, ಶೇಂಗಾ ತೆಗೆದ ಮೇಲೆ ಒಣಮೆಣಸಿನಕಾಯಿ, ಕೊನೆಗೆ ಹೆಂಡತಿಯ ಮೊಣಕಾಲಿಗೆ ಒತ್ತಲು ಉಪ್ಪಿನ ಗಂಟು. ಅವಳು ಕುಳಿತ ಕೂಡಲೇ ಆ ಗಂಟು ಅವಳ ಕಾಲಿಗೆ ಬಂತು.

ಅವಳು ಕಣ್ಣು ಮುಚ್ಚಿಕೊಂಡು ಹಾಲವ್ವನ ಕತೆ ಹೇಳಿದಳು. ಗಟ್ಟಿಯಿಲ್ಲದ ಗೂಡು, ಏರುವ ಗೆರೆ. ಬೆಂಕಿಯಿಲ್ಲದೆ ಗಟ್ಟಿ ಕಾಯುವುದು ಹೇಗೆ? ಬಿಸಿಯಾದದ್ದು ತಣ್ಣಗಾಗುತ್ತದೆ. ತಣ್ಣಗಾದದ್ದು ಬಿಸಿಯಾಗಬೇಕಾದರೆ ಅದಕ್ಕಿಂತ ಬಿಸಿಯಾದದ್ದು ಯಾವುದೋ ಅದರ ಮೈಗೆ ತಾಗಬೇಕು. ಇದು ಶಾಲೆಯಲ್ಲಿ ಕಲಿತದ್ದೇ. ಯಂತ್ರಕ್ಕೂ ಅಷ್ಟೇ ಗೊತ್ತು, ಅದಕ್ಕೇ ಅದು ಬೆಂಕಿ ಎಂದಿತು.

ಮಹಾರುದ್ರಪ್ಪ ಹೂಂ ಎನ್ನುತ್ತ ಒಂದು ಸ್ಟೀಲಿನ ಡಬ್ಬಿ ಒರೆಸುತ್ತಿದ್ದ. ಮೇಲ್ಮನೆಯವರು ಸಂಕಷ್ಟಿಯ ದಿನ ಅದರಲ್ಲಿ ಏನೋ ಕೊಟ್ಟಿದ್ದರು. ಒರೆಸಿದವನು ಮುಚ್ಚಳ ಹಾಕಲಿಲ್ಲ. ಹುರಿದ ಶೇಂಗಾ ಒಂದು ಹಿಡಿ ಹಾಕಿದ. ನೋಡಿದ. ಇನ್ನೊಂದು ಹಿಡಿ ಹಾಕಿದ.

"ನಮಗ ಇರೂದ ಎರಡ ಹಿಡಿ" ಎಂದಳು ಇಂದುಮತಿ, ಕಣ್ಣು ತೆರೆದು.

"ಮತ್ತ? ಮಂದಿ ಡಬ್ಬಿ ಖಾಲಿ ಕೊಡ್ತಾರೇನು?"

ಅವಳು ಆ ಡಬ್ಬಿಯನ್ನೇ ನೋಡುತ್ತ ಕುಳಿತಳು. ಉಪ್ಪಿನ ಗಂಟು ಮೊಣಕಾಲಿನಿಂದ ಜಾರಿ ನೆಲಕ್ಕೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಏನಾಯಿತು ಎಂದು ಅವನು ಕೇಳಿದ್ದಕ್ಕೆ, ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದಷ್ಟೇ ಹೇಳಿದಳು.

*

ಮರುದಿನ ನಿಯಂತ್ರಣ ಕೊಠಡಿಗೆ ಹೋದವಳು ಮಾಡಿದ ಮೊದಲ ಕೆಲಸ ದಾನಮ್ಮನ ಮನೆಯ ಗೆರೆಯನ್ನು ತೆಗೆದು ಹಾಲವ್ವನ ಗೆರೆಯ ಮೇಲೆ ಇಟ್ಟದ್ದು. ಎರಡೂ ಒಂದೇ ಪರದೆಯಲ್ಲಿ ಬಂದಾಗ ಮುಚ್ಚಿಡಲು ಏನೂ ಉಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಾಲವ್ವನ ಗೆರೆ ಏರಿದಾಗಲೆಲ್ಲ ದಾನಮ್ಮನ ಗೆರೆ ಇಳಿದಿತ್ತು. ರೊಟ್ಟಿಯ ಹಲ್ಲುಗಳಿರಲಿಲ್ಲ, ನೀರಿಟ್ಟಾಗಿನ ಧುಮುಕು ಇರಲಿಲ್ಲ. ಏನೂ ಬೇಯಿಸದೆ ಸುಮ್ಮನೆ ಇಳಿದಿತ್ತು.

ತೋಟಗೇರ ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಇಂದುಮತಿ ಹೇಳಿದಳು. ಮುದುಕಿ ಬೆಳಿಗ್ಗೆಯೇ ತನ್ನ ಅಡುಗೆ ಮುಗಿಸಿಕೊಂಡು ಗಟ್ಟಿಯನ್ನು ಹಿತ್ತಲ ಗೋಡೆಯ ಮೇಲಿಂದ ದಾಟಿಸುತ್ತಾಳೆ. ಆಚೆಮನೆಯವರು ಅದನ್ನು ಬಾಣಂತಿಯ ಹೊರಸಿನ ಕೆಳಗಿಡುತ್ತಾರೆ, ಮೊದಲು ಕೆಂಡದ ಅಗ್ಗಿಷ್ಟಿಗೆ ಇಡುತ್ತಿದ್ದರಲ್ಲ, ಹಾಗೆ. ಅದಕ್ಕೇ ಮಧ್ಯಾಹ್ನದ ಮೇಲೆ ಅದು ಬೇಗ ಆರುತ್ತದೆ. ಸಂಜೆ ವಾಪಸು ಕೊಡಬೇಕು. ತಣ್ಣಗೆ ಕೊಡಲು ಮನಸ್ಸು ಒಪ್ಪುವುದಿಲ್ಲ. ತಮ್ಮ ಗಟ್ಟಿಯ ಪೆಟ್ಟಿಗೆಯ ಬಾಯಿಗೆ ಅದರ ಬಾಯಿ ಹಚ್ಚಿ ಸ್ವಲ್ಪ ಬೆಚ್ಚಗೆ ಮಾಡಿ ಕೊಡುತ್ತಾರೆ.

"ಮಾತಿಲ್ಲ ಅಂದ್ರಿ?"

"ಮಾತಿಲ್ಲರಿ. ಅದಕ್ಕ ಖಾಲಿ ಕೊಡಂಗಿಲ್ಲ. ಮಾತಿದ್ದಿದ್ರ ಕೊಡ್ತಿದ್ರೇನೋ."

ತೋಟಗೇರ ಅವರು ನಕ್ಕರು, ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಗಟ್ಟಿ ಮನೆಯ ಹೊಸಿಲು ದಾಟಬಾರದೆಂಬ ನಿಯಮವಿತ್ತು. ಹಿಂದೊಮ್ಮೆ ಪೆಟ್ಟಿಗೆ ಜಾರಿ ಯಾರದೋ ಕಾಲು ಸುಟ್ಟ ಮೇಲೆ ಮಾಡಿದ ನಿಯಮ. ಕೊಟ್ಟವರಿಗೂ ನಿಲುಗಡೆ, ತೆಗೆದುಕೊಂಡವರಿಗೂ ನಿಲುಗಡೆ. ಸಾಧನ ಕೆಟ್ಟಿದೆ ಎಂದು ಬರೆದರೆ ಗಟ್ಟಿ ಪ್ರಯೋಗಶಾಲೆಗೆ ಹೋಗುತ್ತದೆ, ಕೆಟ್ಟಿಲ್ಲ ಎಂದು ವರದಿ ಬರುತ್ತದೆ.

"ಖರೇ ಬರದ್ರ ಎರಡೂ ಮನಿ ನಿಲ್ತಾವು. ಸುಳ್ಳ ಬರದ್ರ ನಾವಿಬ್ರೂ ನಿಲ್ತೇವಿ" ಎಂದರು. "ಏನೂ ಬರೀಲಿಲ್ಲಂದ್ರ ಮುದುಕಿ ನಿಲ್ತಾಳ."

ಮುದುಕಿ ಅದನ್ನೇ ಆರಿಸಿಕೊಂಡಿದ್ದಾಳೆ ಎಂದಳು ಇಂದುಮತಿ. ಬಾಯಿ ಬಿಟ್ಟರೆ ಕೂಸಿನ ಮನೆಯ ಗಟ್ಟಿಯೂ ಹೋಗುತ್ತದೆಂದು ಅವಳಿಗೆ ಗೊತ್ತಿದೆ.

ಇಬ್ಬರೂ ಪರದೆ ನೋಡುತ್ತ ಕುಳಿತರು. ಹೊರಗೆ ಗಾಳಿಗಿರಣಿಗಳ ರೆಕ್ಕೆಗಳು ಚಿತ್ರದಲ್ಲಿದ್ದಂತೆ ನಿಂತಿದ್ದವು. ಇಂದುಮತಿಗೆ ಆ ಎರಡು ಗೆರೆಗಳನ್ನು ನೋಡಿ ಸಂಕಟವಾಗುತ್ತಿತ್ತು. ಅವಳು ಕೂಡಿಸಿ ಕಳೆದು ನೋಡಿದ್ದಳು. ಗೋಡೆ ಹತ್ತಿಸಿ ಇಳಿಸುವಾಗ, ಕದ ತೆರೆದು ಮುಚ್ಚುವಾಗ, ಬಾಯಿಗೆ ಬಾಯಿ ಹಚ್ಚುವಾಗ ಇಬ್ಬರ ಕಾವೂ ಗಾಳಿಗೆ ಹೋಗುತ್ತಿತ್ತು. ಕೊಟ್ಟದ್ದರಲ್ಲಿ ಅರ್ಧ ಮಾತ್ರ ಮುಟ್ಟುತ್ತಿತ್ತು. ಹಿಂದಿರುಗಿಸಿದ್ದರಲ್ಲಿ ಅದಕ್ಕಿಂತ ಕಡಿಮೆ. ಅಷ್ಟು ಸಣ್ಣ ಬಿಸಿಗಾಗಿ ಎರಡು ಮನೆಯವರು ದಿನವೂ ಅರೆಹೊಟ್ಟೆ ಉಣ್ಣುತ್ತಿದ್ದರು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಕಡೆ ಇಟ್ಟಿದ್ದರೆ ಒಂದರ ಬೆನ್ನನ್ನು ಇನ್ನೊಂದು ಕಾಯುತ್ತಿತ್ತು. ಚಳಿಗೆ ಇಬ್ಬರು ಒಂದು ಕೌದಿ ಹೊದ್ದು ಮಲಗಿದ ಹಾಗೆ.

ಅವಳು ಇದನ್ನು ಗಟ್ಟಿಯಾಗಿಯೇ ಹೇಳಿರಬೇಕು. ತೋಟಗೇರ ಅವರು ತಲೆಯೆತ್ತಿದರು.

"ಕೂಡುಗೂಡು" ಎಂದರು.

ಕಣಜ ಕಟ್ಟಿದ ಹೊಸದರಲ್ಲಿ ಮಾಡಿದ್ದ ಒಂದು ಸೌಲಭ್ಯ ಅದು. ಅಣ್ಣತಮ್ಮಂದಿರು ಬೇರೆಯಾಗಿ ಜೋಡಿಮನೆಯಲ್ಲಿದ್ದರೆ ನಡುಗೋಡೆಯಲ್ಲಿ ಒಂದೇ ಗೂಡು ತೆಗೆದು, ಎರಡೂ ಗಟ್ಟಿಗಳನ್ನು ಅದರೊಳಗಿಟ್ಟು, ಆ ಕಡೆಗೊಂದು ಈ ಕಡೆಗೊಂದು ಕದ ಇಡುವುದು. ಕಾವು ಉಳಿಯುತ್ತದೆ, ಗಟ್ಟಿ ಯಾರ ಹೊಸಿಲನ್ನೂ ದಾಟುವುದಿಲ್ಲ. ಒಂದೇ ಅಡುಗೆಮನೆಯೆಂದು ಲೆಕ್ಕ. ಆದರೆ ಈ ತನಕ ಯಾರೂ ಕೇಳಿರಲಿಲ್ಲ. ಬೇರೆಯಾದ ಅಣ್ಣತಮ್ಮಂದಿರಿಗೆ ಗೋಡೆ ಎಷ್ಟು ದಪ್ಪವಿದ್ದರೂ ಸಾಲುತ್ತಿರಲಿಲ್ಲ.

ನಿಯಮದಲ್ಲಿ ರಕ್ತಸಂಬಂಧ ಎಂದು ಬರೆದಿದೆಯೇ ಎಂದು ಇಂದುಮತಿ ಕೇಳಿದಳು. ಅವರು ತೆಗೆದು ಓದಿದರು. ಎರಡೂ ಮನೆಯ ಯಜಮಾನರು ಒಪ್ಪಿ, ಅಧಿಕಾರಿಯ ಎದುರು ಬಾಯಿಬಿಟ್ಟು ಹೇಳಬೇಕು ಎಂದಷ್ಟೇ ಇತ್ತು. ಕೋರಿಕೆ ಬಂದ ಮನೆಗಳಿಗೆ ನಿಲುಗಡೆ ಹಾಕುವಂತಿಲ್ಲ ಎಂದೂ ಇತ್ತು.

"ಬಾಯಿ ಬಿಡಸೂದ ಕಠಿಣ ಐತಲ್ರಿ, ಅಕ್ಕಾರ" ಎಂದರು ತೋಟಗೇರ. ಅದುವರೆಗೆ ಅವರು ಅವಳನ್ನು ಮೇಡಂ ಎನ್ನುತ್ತಿದ್ದರು.

*

ಇಂದುಮತಿ ಈ ಸಲ ಹಿತ್ತಲಿಗೇ ಹೋದಳು. ಹಾಲವ್ವ ಗೋಡೆಯ ಈ ಕಡೆ, ದಾನಮ್ಮ ಆ ಕಡೆ. ಗೋಡೆಯ ಕೊನೆಯಲ್ಲಿ ಇಟ್ಟಿಗೆ ಕುಸಿದ ಒಂದು ಜಾಗದಲ್ಲಿ, ಎರಡೂ ಹಿತ್ತಲು ಕಾಣುವ ಹಾಗೆ, ಇಂದುಮತಿ ನಿಂತುಕೊಂಡಳು. ನಿಂತೇ ಎಲ್ಲ ಹೇಳಿದಳು. ತನಗೆ ಗೊತ್ತಾಗಿದೆ ಎಂದೂ, ಇನ್ನೂ ಬರೆದಿಲ್ಲ ಎಂದೂ, ಸಂಜೆಯೊಳಗೆ ಒಪ್ಪದಿದ್ದರೆ ಹಾಲವ್ವನ ಗೂಡು ನಾಳೆಯಿಂದ ಖಾಲಿ ಎಂದೂ ಹೇಳಿದಳು.

ದಾನಮ್ಮ ಎತ್ತರದ, ಒಣಕಲು ಹೆಂಗಸು. ಬೆರಳುಗಳಲ್ಲಿ ಇನ್ನೂ ನೂಲಿನ ಬಣ್ಣವಿತ್ತು. ಅವಳು ಹಾಲವ್ವನ ಕಡೆ ನೋಡದೆ ಇಂದುಮತಿಗೆ ಹೇಳಿದಳು.

"ನಾವೇನ ಪುಕ್ಕಟೆ ಇಟ್ಕೊಂಡಿಲ್ಲರಿ. ದಿನಾ ಬೆಚ್ಚಗ ಮಾಡೇ ಕೊಟ್ಟೇವಿ. ಬೇಕಾರ ಆಕೀನ ಕೇಳ್ರಿ."

ಹಾಲವ್ವನೂ ಇಂದುಮತಿಗೇ ಹೇಳಿದಳು. "ಕೊಟ್ಟಾಳ. ಇಲ್ಲ ಅನ್ನಂಗಿಲ್ಲ. ಬ್ಯಾಡ ಅನ್ನೂದಕ ಮಾತ ಎಲ್ಲಿ ಇತ್ತು? ಆಕೀಗೆ ಹೇಳ್ರಿ, ಬಾಣಂತಿ ಮನಿ ಕಾವು ನನಗ ಬ್ಯಾಡಾಗಿತ್ತಂತ."

"ಆಕೀಗೆ ಹೇಳ್ರಿ, ಮಂದಿ ಋಣ ನಮಗೂ ಬ್ಯಾಡಾಗಿತ್ತಂತ."

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಇಂದುಮತಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನೋಡಿದಳು. ಅವರಿಬ್ಬರ ಧ್ವನಿ ಒಬ್ಬರಿಗೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ಅವರು ಹೇಳಿದ್ದನ್ನೆಲ್ಲ ಅವಳು ಇನ್ನೊಮ್ಮೆ ಹೇಳಿ ದಾಟಿಸಿದಳು. ಅದೂ ತನ್ನ ಕೆಲಸವೇ ಎಂದುಕೊಂಡಳು. ಕಾಲು ನೋಯುತ್ತಿದ್ದುದರಿಂದ ಒಮ್ಮೆ ಗೋಡೆಗೆ ಕೈಕೊಟ್ಟು ನಿಂತಳು. ದಾನಮ್ಮ ಮಾತಿನ ಮಧ್ಯೆಯೇ ಒಳಗೆ ಹೋಗಿ ಒಂದು ಮಣೆ ತಂದು, ಗೋಡೆಯ ಮೇಲಿಂದ ಹಾಲವ್ವನ ಹಿತ್ತಲಿಗೆ ಇಳಿಸಿದಳು. ಹಾಲವ್ವ ಅದನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಇಂದುಮತಿಯ ಕೆಳಗಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೈಗಳಿಗೆ ಮಾತ್ರ ಬಹಳ ದಿನದ ರೂಢಿ ಇತ್ತು.

ಕೂಡುಗೂಡಿನ ಮಾತು ಬಂದಾಗ ದಾನಮ್ಮ ಬೇಡವೆಂದು ಜೋರಾಗಿ ತಲೆ ಅಲ್ಲಾಡಿಸಿದಳು. ತಾನೇ ನಿಂತು ಮುಚ್ಚಿಸಿದ ಕಿಂಡಿಯನ್ನು ತಾನೇ ತೆಗೆಸುವುದೇ? ಓಣಿ ಏನೆನ್ನುತ್ತದೆ? ಮಗಳ ಬಾಣಂತನ ಇನ್ನೇನು ಕೆಲವು ದಿನ, ಹೇಗೋ ಆಗುತ್ತದೆ ಎಂದಳು. ಹಾಲವ್ವ ನೆಲ ನೋಡುತ್ತಿದ್ದಳು. ಬೇಡ ಎಂದವರನ್ನು ಒತ್ತಾಯ ಮಾಡಬೇಡಿರೆಂದು ಮೆಲ್ಲಗೆ ಇಂದುಮತಿಗೆ ಹೇಳಿ, ಒಳಗೆ ಹೋಗಲು ತಿರುಗಿದಳು.

ಆಗ ಆಚೆಮನೆಯ ಹಿತ್ತಲ ಬಾಗಿಲಲ್ಲಿ ಬಾಣಂತಿ ಬಂದು ನಿಂತಿದ್ದಳು. ವಿಶಾಲಾಕ್ಷಿ ಎಂದು ಅವಳ ಹೆಸರು. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕೂಸು ತೋಳಲ್ಲಿ ನಿದ್ದೆಹೋಗಿತ್ತು.

"ಅವ್ವಾ, ಋಣದ ಮಾತ ಸಾಕ ಮಾಡು" ಎಂದಳು. "ಮುದುಕಿ ರಾತ್ರಿ ತಣ್ಣಂದ ಉಂಡ್ರ ಎದಿ ಹಿಡೀತೈತಿ ಅಂತ ದಿನಾ ಒದ್ದಾಡಾಕಿ ನೀ. ನಮ್ಮ ಸಾರ ಹಸೀದ ಇಳಿಸಿ ಆಕಿ ಗಟ್ಟಿ ಕಾಸಾಕಿ ನೀ. ಈಗ ಬ್ಯಾರೆ ಹೇಳ್ತೀ."

ಚಳಿಗಾಲದ ಬಿಸಿಲು ಗೋಡೆಯ ಮೇಲೆ ತೆಳ್ಳಗೆ ಬಿದ್ದಿತ್ತು. ಹಾಲವ್ವ ತಿರುಗಿದವಳು ತಿರುಗಿದ ಹಾಗೆಯೇ ನಿಂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ದಾನಮ್ಮ ಬೆರಳಿನ ಬಣ್ಣವನ್ನು ಉಜ್ಜಿ ತೆಗೆಯಲು ನೋಡುತ್ತಿದ್ದಳು. ಅದು ಹೋಗುವ ಬಣ್ಣವಾಗಿರಲಿಲ್ಲ.

"ಏನಂತ ಹೇಳಬೇಕ್ರಿ?" ಎಂದಳು ಕೊನೆಗೆ, ಇಂದುಮತಿಗೆ.

ಎರಡು ಮನೆಗೆ ಒಂದು ಗೂಡು, ನನಗೆ ಒಪ್ಪಿಗೆ. ಅಷ್ಟೇ ಹೇಳಬೇಕಿತ್ತು. ದಾನಮ್ಮ ಹೇಳಿದಳು. ಹಾಲವ್ವ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಇಂದುಮತಿ ಅಲ್ಲಿಯೇ ಮಣೆಯ ಮೇಲೆ ಕುಳಿತು ತೋಟಗೇರ ಅವರಿಗೆ ಫೋನು ಮಾಡಿದಳು. ಆಗಲಿ ಎಂದ ಅವರು ಫೋನು ಇಡುವ ಮೊದಲು, ಸ್ವಲ್ಪ ಹೊತ್ತು ಕೂತು ಬರ್ರಿ, ಅವಸರ ಇಲ್ಲ ಎಂದರು.

*

ಗೌಂಡಿ ಮೌಲಾಸಾಬ ಬಂದು ನಡುಗೋಡೆಯಲ್ಲಿ ಗೂಡು ತೆಗೆದ. ಹಳೆಯ ಕಿಂಡಿ ಇದ್ದಲ್ಲಿಯೇ ತೆಗೆದರೆ ಸುಲಭವೆಂದು ಹೇಳಿ, ಯಾರ ಉತ್ತರಕ್ಕೂ ಕಾಯದೆ, ಉಳಿ ಇಟ್ಟ. ಒಳಗಿನಿಂದ ಹಳೆಯ ಮಸಿ ಉದುರಿ ಎರಡೂ ಮನೆಯ ನೆಲಕ್ಕೆ ಬಿತ್ತು. ಎರಡೂ ಕಡೆ ಗುಡಿಸುವ ಸದ್ದು ಬಂತಂತೆ, ಮಾತು ಬರಲಿಲ್ಲವಂತೆ. ಮೌಲಾಸಾಬನೇ ಬಂದು ನಿಯಂತ್ರಣ ಕೊಠಡಿಯಲ್ಲಿ ಹೇಳಿ ಹೋದ.

ಆ ದಿನ ಸಂಜೆ ಪಾಳಿ ಮುಗಿಸಿಕೊಂಡು ಇಂದುಮತಿ ಗೂಡು ನೋಡಲು ಹೋದಳು. ಹೋಗುವ ಮೊದಲು ಗೆರೆಗಳನ್ನು ನೋಡಿದ್ದಳು. ಎರಡೂ ಹತ್ತಿರ ಹತ್ತಿರ ಬಂದು, ಒಂದಕ್ಕೊಂದು ತಾಗಿ, ಯಾವುದು ಯಾರದೆಂದು ತಿಳಿಯದ ಹಾಗೆ ಒಟ್ಟಿಗೆ ಇಳಿಯುತ್ತಿದ್ದವು. ಬೇರೆ ಮನೆಗಳ ಗೆರೆಗಳಿಗಿಂತ ನಿಧಾನವಾಗಿ ಇಳಿಯುತ್ತಿದ್ದವು. ಯಂತ್ರ ಕೆಂಪು ಚುಕ್ಕೆಯನ್ನು ತಾನೇ ಅಳಿಸಿಕೊಂಡಿತ್ತು. ಗಾಳಿ ಇನ್ನೂ ಬಂದಿರಲಿಲ್ಲ. ನಾಳೆಯ ಗಟ್ಟಿಗಳು ಇಂದಿನವುಗಳಿಗಿಂತ ಸ್ವಲ್ಪ ಕಡಿಮೆಯೇ ಕಾಯುವುವು ಎಂದು ತೋಟಗೇರ ಅವರು ಹೇಳಿದ್ದರು.

ದಾನಮ್ಮನ ಅಡುಗೆಮನೆಯಲ್ಲಿ ಗೂಡಿನ ಮೇಲೆ ಬಾಣಂತಿಯ ಸಾರು ಕುದಿಯುತ್ತಿತ್ತು. ಕೂಸಿನ ಬಟ್ಟೆಗಳನ್ನು ಗೂಡಿನ ಪಕ್ಕದ ಗೋಡೆಗೆ ಸಾಲಾಗಿ ಒಣಹಾಕಿದ್ದರು. ಗೋಡೆ ಮೈಯೆಲ್ಲ ಬೆಚ್ಚಗಿತ್ತು. ಇಂದುಮತಿ ಅದಕ್ಕೆ ಬೆನ್ನು ಹಚ್ಚಿ ಕುಳಿತಳು. ದಿನವಿಡೀ ಎಳೆಯುತ್ತಿದ್ದ ಸೊಂಟ ಸ್ವಲ್ಪ ಸಡಿಲಾಯಿತು. ಮಾತಾಯಿತೇ ಎಂದು ಕಣ್ಣಲ್ಲೇ ವಿಶಾಲಾಕ್ಷಿಯನ್ನು ಕೇಳಿದಳು. ಅವಳು ಇಲ್ಲ ಎಂದು ತಲೆಯಾಡಿಸಿದಳು.

ಆಚೆಯಿಂದ ಹಾಲವ್ವ ತನ್ನ ಕಡೆಯ ಕದ ತೆರೆದದ್ದು ಕೇಳಿಸಿತು. ಪಾತ್ರೆ ಇಟ್ಟಳು. ಸೌಟಿನ ಸದ್ದಾಯಿತು. ಅಂಬಲಿಯ ವಾಸನೆ ಗೂಡಿನ ಸಂದಿಯಿಂದ ಈ ಕಡೆಗೂ ಬಂತು. ಆಮೇಲೆ ಪಾತ್ರೆ ಇಳಿಸಿದಳು. ಕದ ಮುಚ್ಚಿದ ಸದ್ದು ಬರಲಿಲ್ಲ. ಮುದುಕಿ ಬಿಸಿ ಅಂಬಲಿಯ ಆಸೆಗೆ ಮರೆತಿರಬೇಕು. ದಾನಮ್ಮ ಸಾರು ತಿರುವುತ್ತಿದ್ದವಳು ನಿಂತಳು. ಕಾದಳು. ಇಂದುಮತಿಯ ಮುಖ ನೋಡಿದಳು, ಆಕೀಗೆ ಹೇಳ್ರಿ ಎಂಬಂತೆ. ಇಂದುಮತಿ ಕಣ್ಣು ಮುಚ್ಚಿಕೊಂಡಳು. ಅವಳಿಗೆ ನಿಜವಾಗಿಯೂ ಬಹಳ ದಣಿವಾಗಿತ್ತು.

ದಾನಮ್ಮ ಸೌಟಿನಿಂದ ಗೋಡೆಗೆ ಬಡಿದಳು.

"ಹಾಲವ್ವಾ, ಕದಾ ಹಾಕ. ಕಾವು ಹೊಂಟೈತಿ."

ಆ ಕಡೆ ಸೌಟಿನ ಸದ್ದು ನಿಂತಿತು. ಆಮೇಲೆ ಕದ ಮೆಲ್ಲಗೆ ಮುಚ್ಚಿಕೊಂಡಿತು.

"ಹಾಕೇನಿ" ಎಂದಿತು ಗೋಡೆಯಾಚೆಯ ಧ್ವನಿ. "ಕೂಸಿನ ನೀರು ಕಾದಾವೇನು?"